ನೆರಳಿನ ಹಿಂದೆ ಹೋದ ಕುರ್ಚಿಗಳು

ಸೂರ್ಯನ ಮೇಲೆ ದೂರು ಕೊಡಲಿಕ್ಕೆ ಕಚೇರಿ ಇಲ್ಲ. ಆದ್ದರಿಂದ ಸುಹಾನಾಳ ಮೇಲೆ ಕೊಟ್ಟರು.

ಆಲಂಕಾರಿನಿಂದ ಒಳಗೆ ಹೋಗುವ ರಸ್ತೆಯಲ್ಲಿ ಗುಡ್ಡೆ ಹತ್ತಿದರೆ ಒಂದು ಸರಕಾರಿ ಶಾಲೆ. ಅಲ್ಲಿ ಅವಳು ಅತಿಥಿ ಶಿಕ್ಷಕಿ. ಈ ಕಡೆ ಮನೆಗೆ ಅತಿಥಿ ಬಂದರೆ ಮೊದಲು ಬೆಲ್ಲ ನೀರು ಕೊಟ್ಟು ಕೂರಿಸುತ್ತಾರೆ. ಸರಕಾರದ ಅತಿಥಿಯ ಕ್ರಮ ಬೇರೆ. ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯಬೇಕು. ಜಗಲಿ ಗುಡಿಸಬೇಕು. ಪಂಪು ಹಾಕಬೇಕು. ಬಂದು ಹೋಗುವವರಿಗೆಲ್ಲ ಚಹಾ ಕೊಡಬೇಕು. ಇಷ್ಟಾದ ಮೇಲೆ ಸಮಯ ಉಳಿದರೆ ಪಾಠ ಮಾಡಬೇಕು. ಶಿಕ್ಷಕರ ಕೋಣೆಯಲ್ಲಿ ಅತಿಥಿಗೆ ಕುರ್ಚಿ ಇಲ್ಲ. ಬಿಸಿಯೂಟದ ಅಕ್ಕಿಮೂಟೆಯ ಪಕ್ಕ ಒಂದು ಮರದ ಪೆಟ್ಟಿಗೆ ಇತ್ತು. ಅದರ ಮೇಲೆ ಕುಳಿತು ಅವಳು ಮಕ್ಕಳ ಪುಸ್ತಕ ತಿದ್ದುತ್ತಿದ್ದಳು. ಬೇಸಿಗೆ ರಜೆ ಬಂದರೆ ಶಾಲೆಯ ಜೊತೆಗೆ ಅತಿಥಿಯೂ ಮುಗಿಯುತ್ತಾಳೆ. ಮಳೆಗಾಲಕ್ಕೆ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬುದು ಊರ ದೊಡ್ಡವರ ಮುಖ ನೋಡಿಕೊಂಡು ನಿರ್ಧಾರವಾಗುತ್ತದೆ. ಪಾಠ ಹೇಗೆ ಮಾಡಿದಳೆಂದು ಯಾರೂ ಕೇಳುವುದಿಲ್ಲ.

ಕೆಟ್ಟ ಬುದ್ಧಿ ಎಂದರೆ, ಈ ಹುಡುಗಿ ಪಾಠ ಮಾಡಿದಳು.

ವಿಜ್ಞಾನದಲ್ಲಿ ಬಿಸಿಲು, ನೆರಳು, ಋತು ಎಂದು ಒಂದು ಪಾಠ. ಪುಸ್ತಕದಲ್ಲಿ ನಗುವ ಸೂರ್ಯನ ಒಂದು ಚಿತ್ರ, ಒಂದು ಕೋಲಿನ ಚಿತ್ರ. ಓದಿ, ಪ್ರಶ್ನೋತ್ತರ ಬರೆಸಿದರೆ ಮುಗಿಯಿತು. ಹಿಂದಿನ ವರ್ಷಗಳಲ್ಲಿ ಹಾಗೆಯೇ ಮುಗಿದಿತ್ತು. ಮಕ್ಕಳೂ ಹಾಗೆಯೇ ಮರೆತಿದ್ದರು. ಸುಹಾನಾ ಮಾತ್ರ ಶಾಲೆ ಶುರುವಾದ ವಾರವೇ ಪಿಕ್ಕಾಸು ಹಿಡಿದು ಮೈದಾನಕ್ಕೆ ಇಳಿದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಯ ಬಟ್ಟೆ ಬಿಗಿದು, ಮುರಕಲ್ಲಿನ ಗಟ್ಟಿ ನೆಲ ಅಗೆದಳು. ಅಂಗೈಯಲ್ಲಿ ಬೊಕ್ಕೆ ಎದ್ದಿತು. ಊರಲ್ಲಿ ಎಲ್ಲಿ ಗುಂಡಿ ತೋಡುವುದಿದ್ದರೂ ಕರೆಸಿಕೊಳ್ಳುವ ಬೋಜ ಅಂದು ಶಾಲೆಯ ಕಕ್ಕಸು ಗುಂಡಿಯ ಕೆಲಸಕ್ಕೆ ಬಂದಿದ್ದ. ಅವನೇ ಗುಡ್ಡೆಯಿಂದ ನೆಟ್ಟಗಿನ ಬಿದಿರು ಕಡಿದು ತಂದುಕೊಟ್ಟ.

"ಇದು ಎಂತಕ್ಕೆ ಟೀಚರ್?"

"ನೆರಳು ನೋಡ್ಲಿಕ್ಕೆ ಬೋಜಣ್ಣ."

"ನೆರಳಲ್ಲಿ ಕೂರುದು ಗೊತ್ತುಂಟು. ಅದೂ ದೊಡ್ಡವರು ಕೂರುದು. ನೋಡುದೂ ಉಂಟಾ?"

ಮಕ್ಕಳು ಅದಕ್ಕೆ ನೆರಳುಕೋಲು ಎಂದು ಹೆಸರಿಟ್ಟರು. ಆದರೆ ಕೋಲು ನೆಟ್ಟ ಮರುದಿನ ಮಳೆ ಹಿಡಿಯಿತು. ಈ ಊರಿನ ಮಳೆ ಯಾರ ಪಾಠವನ್ನೂ ಕೇಳುವುದಿಲ್ಲ. ಬಿಡದೆ ಮಳೆ ಸುರಿಯುವ ಆಟಿ ತಿಂಗಳಲ್ಲಿ ನೆರಳು ಹುಡುಕುವ ಟೀಚರು ಎಂದು ಶಿಕ್ಷಕರ ಕೋಣೆಯಲ್ಲಿ ನಗೆ. ಮಕ್ಕಳು ಮಾತ್ರ ಕಿಟಕಿಗೆ ಮೂಗು ಒತ್ತಿ ಕಾದರು. ಮೋಡ ಸ್ವಲ್ಪ ಬಿರಿದರೆ ಸಾಕು, "ಬಂತು ಬಂತು" ಎಂದು ಕೂಗಿಕೊಂಡು ಕೆಸರಲ್ಲಿ ಓಡಿ, ಕೋಲಿನ ನೆರಳಿನ ತುದಿಗೆ ಒಂದು ಕಲ್ಲು ಇಟ್ಟು ಬರುತ್ತಿದ್ದರು.

ಬೆಳಿಗ್ಗೆ ನೆರಳು ಉದ್ದಕ್ಕೆ ಬಿಸಿಯೂಟದ ಅಡುಗೆಮನೆಯ ಕಡೆಗೆ ಮಲಗುತ್ತದೆ. ಮಧ್ಯಾಹ್ನಕ್ಕೆ ಗಿಡ್ಡವಾಗುತ್ತದೆ. ಸಂಜೆ ಗೇಟಿನ ಕಡೆಗೆ ಉದ್ದವಾಗುತ್ತದೆ. ಇದು ಒಂದು ದಿನದ ಕತೆ. ವರ್ಷದ ಕತೆ ಮಕ್ಕಳಿಗೆ ನಿಧಾನವಾಗಿ ತಿಳಿಯಿತು. ಮಳೆಗಾಲದ ಮಧ್ಯಾಹ್ನದ ನೆರಳು ಶಾಲೆಯ ಕಟ್ಟಡದ ಕಡೆಗೆ, ಎಂದರೆ ತೆಂಕಣಕ್ಕೆ ಬೀಳುತ್ತಿತ್ತು. ಆಗಸ್ಟಿನ ಒಂದು ಮಧ್ಯಾಹ್ನ ಮಳೆ ಬಿಟ್ಟು ಸುಡು ಬಿಸಿಲು ಬಿದ್ದಾಗ ನೆರಳೇ ಇಲ್ಲ.

"ಟೀಚರ್, ಕೋಲು ನೆರಳನ್ನು ನುಂಗಿತು!" ಎಂದು ಆಯಿಶತ್ ಶಿಫಾ ಕೂಗಿದಳು. ಆಟೋ ಓಡಿಸುವ ಇಮ್ತಿಯಾಝನ ಮಗಳು. ಮಕ್ಕಳೆಲ್ಲ ತಮ್ಮ ನೆರಳು ಹುಡುಕುತ್ತ ತಮ್ಮ ಕಾಲನ್ನೇ ಎತ್ತಿ ಎತ್ತಿ ನೋಡಿಕೊಂಡರು. ಅದಾದ ಮೇಲೆ ಮಧ್ಯಾಹ್ನದ ನೆರಳು ಇನ್ನೊಂದು ಬದಿಗೆ, ಬಡಗಣದ ಬಾವಿಯ ಕಡೆಗೆ ಬೆಳೆಯತೊಡಗಿತು. ಬುಧವಾರಕ್ಕೊಂದು ಕಲ್ಲು. ಕಲ್ಲಿಗೆ ಸುಣ್ಣ ಬಳಿದರು. ದೀಪಾವಳಿ ದಾಟುವಾಗ ಕಲ್ಲಿನ ಸಾಲು ಉದ್ದವಾಗಿ, ಡಿಸೆಂಬರಿನಲ್ಲಿ ಮುಂದೆ ಹೋಗಲಾರೆನೆಂದು ನಿಂತೇಬಿಟ್ಟಿತು.

ಶಾಲೆಗೆ ಬರಲು ಹಟ ಮಾಡುತ್ತಿದ್ದ ಮಕ್ಕಳು ಬುಧವಾರ ತಪ್ಪಿಸುತ್ತಿರಲಿಲ್ಲ. ಅದನ್ನು ನೋಡಿ ಸುಹಾನಾಳಿಗೆ ಆದ ಖುಷಿ ಡಿ.ಎಡ್. ಪಾಸಾದ ದಿನವೂ ಆಗಿರಲಿಲ್ಲ. ತಾನು ಯಾರಿಗೋ ಬೇಕಾದವಳು ಎಂದು ಅವಳಿಗೆ ಅನಿಸಿತ್ತು. ಅತಿಥಿಗಳಿಗೆ ಹಾಗೆ ಅನಿಸಬಾರದು.

ಜನವರಿಯ ಮೊದಲ ಬುಧವಾರ ಸಮನ್ವಿತಾ ಎಂಬ ಹುಡುಗಿ ನೆಲಕ್ಕೆ ಮಂಡಿಯೂರಿ ಬೆರಳಿಟ್ಟು ಅಳೆದು ಎದ್ದು ಕುಣಿದಳು. "ಟೀಚರ್, ಹಿಂದೆ ಬಂತು! ಸೂರ್ಯ ತಿರುಗಿದ!"

ಹೌದು, ತಿರುಗಿದ್ದ. ಅವನ ಪಾಡಿಗೆ ತಿರುಗಿದ್ದ. ಯಾರನ್ನೂ ಕೇಳಿರಲಿಲ್ಲ. ಅದೇ ಅಪರಾಧವಾಯಿತು.

ಸಮನ್ವಿತಾಳ ಅಪ್ಪ ಮಹೇಶ್ವರರು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು. ತೋಟ, ಜೀಪು, ಸೊಸೈಟಿಯಲ್ಲಿ ಮಾತು, ಎಲ್ಲ ಇದ್ದವರು. ಆ ಕುರ್ಚಿಯಲ್ಲಿ ಕೂರಬೇಕಾದರೆ ಮಗು ಅದೇ ಶಾಲೆಯಲ್ಲಿ ಓದುತ್ತಿರಬೇಕು ಎಂಬುದು ಕಾನೂನು. ಆದ್ದರಿಂದ ಮಗನನ್ನು ಪುತ್ತೂರಿನ ಇಂಗ್ಲಿಷ್ ಶಾಲೆಗೆ ಹಾಕಿ, ಮಗಳನ್ನು ಅಧ್ಯಕ್ಷಗಿರಿಗೆ ಬಿಟ್ಟುಕೊಟ್ಟಿದ್ದರು. ಊರಿನವರು ಇದನ್ನು ಸರಕಾರಿ ಶಾಲೆಯ ಮೇಲಿನ ಪ್ರೀತಿ ಎಂದು ಹೊಗಳುತ್ತಿದ್ದರು. ಕೇಳಿ ಕೇಳಿ ಅವರೂ ನಂಬಿದ್ದರು.

ಮಕರ ಸಂಕ್ರಾಂತಿಗೆ ಶಾಲೆಯಲ್ಲಿ ಉತ್ತರಾಯಣದ ಮಹತ್ವದ ಬಗ್ಗೆ ಮಹೇಶ್ವರರದ್ದೇ ಉಪನ್ಯಾಸ ಇತ್ತು. ಆಮಂತ್ರಣ ಅಚ್ಚಾಗಿತ್ತು. ಅಂಥ ಹೊತ್ತಲ್ಲಿ ಮಗಳು ಊಟಕ್ಕೆ ಕೂತು ಹೇಳಿದಳು. "ಅಪ್ಪಾ, ಸೂರ್ಯ ತಿರುಗಿ ಆಗಿದೆ. ಕ್ರಿಸ್‌ಮಸ್ಸಿಗೆ ಮೊದಲೇ ತಿರುಗಿದ. ನಮ್ಮ ಕಲ್ಲು ನೋಡಿದ್ರೆ ಗೊತ್ತಾಗ್ತದೆ."

ಮಹೇಶ್ವರರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಕ್ರಿಸ್‌ಮಸ್ಸಾ? ಯಾರು ಹೇಳಿದ್ದು?"

"ಸುಹಾನಾ ಟೀಚರರ ಕೋಲು."

ಟೀಚರ್ ಹೆಸರು ಒಂದು, ಹಬ್ಬದ ಹೆಸರು ಇನ್ನೊಂದು. ಎರಡನ್ನೂ ಸೇರಿಸಿದ ಮಹೇಶ್ವರರಿಗೆ ಅಂತರರಾಷ್ಟ್ರೀಯ ಮಟ್ಟದ ಸಂಚು ಕಾಣಿಸಿತು.

ಅದೇ ವಾರ ಇನ್ನೊಂದು ಕಡೆಯಲ್ಲೂ ಬೆಂಕಿ ಬಿತ್ತು. ಬೆಳಿಗ್ಗೆ ಮದ್ರಸದಲ್ಲಿ ಉಸ್ತಾದರು ನಮಾಝಿನ ಹೊತ್ತುಗಳನ್ನು ಹೇಳಿಕೊಡುತ್ತಿದ್ದರು. ಮಧ್ಯಾಹ್ನದ ನೆರಳಿಗೆ ಕೋಲಿನಷ್ಟೇ ಉದ್ದ ಸೇರಿಸಿದರೆ ಎಷ್ಟಾಗುತ್ತದೋ ಅಷ್ಟಕ್ಕೆ ನೆರಳು ಬಂದಾಗ ಇಳಿಹೊತ್ತಿನ ಅಸರ್ ನಮಾಝು. ಶಿಫಾ ಕೈ ಎತ್ತಿದಳು. ಆ ಕೋಲು ನಮ್ಮ ಶಾಲೆಯಲ್ಲೇ ಉಂಟು, ನಿನ್ನೆ ನೆರಳು ಅಲ್ಲಿಗೆ ಬರುವ ಮೊದಲೇ ಮಸೀದಿಯಲ್ಲಿ ಬಾಂಗ್ ಕೂಗಿ ಆಯಿತು ಎಂದಳು. ಉಸ್ತಾದರು ನಕ್ಕು, "ಹೌದಾ ಮಗಳೇ, ಗಡಿಯಾರ ನೋಡಬೇಕು" ಎಂದರು. ಪಾಪ, ಅವರು ಓದಿದವರು, ಬೇಸರವಾಗಲಿಲ್ಲ. ಆದರೆ ಆ ಗಡಿಯಾರ ಮಸೀದಿಯ ಜಮಾತಿನ ಅಧ್ಯಕ್ಷ ಮಮ್ಮು ಹಾಜಿ ದುಬೈಯಿಂದ ತಂದು ಕೊಟ್ಟದ್ದು. ಕೆಂಪು ದೀಪದಲ್ಲಿ ಅಂಕಿ ತೋರಿಸುವ ಗಡಿಯಾರ. ಅಂಕಿಗಿಂತ ದೊಡ್ಡ ಅಕ್ಷರದಲ್ಲಿ ಕೊಟ್ಟವರ ಹೆಸರು. ಯಾವ ಊರಿನ ಹೊತ್ತಿಗೆ ಹೊಂದಿಸಿದ್ದೆಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಮರದ ವ್ಯಾಪಾರದಲ್ಲಿ ಕೂದಲು ಹಣ್ಣು ಮಾಡಿದ ಮಮ್ಮು ಹಾಜಿಗೆ ಒಂದು ಆಟೋದವನ ಮಗಳು ತಪ್ಪು ತೋರಿಸಿದ ಸುದ್ದಿ ಸಂಜೆಯೊಳಗೆ ಮುಟ್ಟಿತು.

ಇಷ್ಟೇ ಆಗಿದ್ದರೂ ತಣ್ಣಗಾಗುತ್ತಿತ್ತೋ ಏನೋ. ಅಷ್ಟರಲ್ಲಿ ಯಾರೋ ರಸ್ತೆಯಿಂದ ಒಂದು ಫೋಟೋ ತೆಗೆದು ಮೊಬೈಲಿಗೆ ಬಿಟ್ಟರು. ಮೈದಾನದ ನಡುವೆ ಬಿದಿರು, ಬಿಳಿ ಕಲ್ಲುಗಳ ಸಾಲು, ಕಣ್ಣಿಗೆ ಕೈ ಅಡ್ಡ ಹಿಡಿದು ಆಕಾಶ ನೋಡುವ ಮಕ್ಕಳು, ನಡುವೆ ತಲೆಗೆ ಬಟ್ಟೆ ಹಾಕಿದ ಸುಹಾನಾ. ಒಂದು ಗುಂಪಿನಲ್ಲಿ ಅದರ ಅಡಿಗೆ ಬರೆದಿದ್ದರು, "ಸರಕಾರಿ ಶಾಲೆಯಲ್ಲಿ ನಮ್ಮ ಮಕ್ಕಳಿಗೆ ನಮಾಜು ಕಲಿಸುತ್ತಿದ್ದಾರೆ, ಎಚ್ಚರ." ಇನ್ನೊಂದು ಗುಂಪಿನಲ್ಲಿ ಅದೇ ಫೋಟೋ. ಅಡಿಗೆ, "ಸರಕಾರಿ ಶಾಲೆಯಲ್ಲಿ ನಮ್ಮ ಮಕ್ಕಳಿಂದ ಸೂರ್ಯಪೂಜೆ ಮಾಡಿಸುತ್ತಿದ್ದಾರೆ, ಎಚ್ಚರ." ಎಚ್ಚರ ಎಂಬ ಪದ ಮಾತ್ರ ಎರಡರಲ್ಲೂ ಒಂದೇ. ಎರಡನ್ನೂ ನಂಬಿದವರು ತುಂಬ. ಶಾಲೆಗೆ ಬಂದು ಏನಿದು ಎಂದು ಕೇಳಿದವರು ಇಲ್ಲ.

ಮುಖ್ಯೋಪಾಧ್ಯಾಯ ಶ್ರೀಕೃಷ್ಣ ಮಾಸ್ಟ್ರು ಒಳ್ಳೆಯವರು. ಯಾರಿಗೂ ಇಲ್ಲ ಎನ್ನಲಾರದಷ್ಟು ಒಳ್ಳೆಯವರು. ನಿವೃತ್ತಿ ಹತ್ತಿರ ಇತ್ತು. ಸುಹಾನಾಳನ್ನು ಕರೆದು, ಮೇಜಿನ ಮೇಲಿನ ಹಾಜರಿ ಪುಸ್ತಕ ನೋಡಿಕೊಂಡು ಹೇಳಿದರು.

"ಟೀಚರ್, ಶನಿವಾರ ಸೌಹಾರ್ದ ಸಭೆ ಉಂಟು. ಇಬ್ಬರು ಅಧ್ಯಕ್ಷರೂ ಬರ್ತಾರೆ. ಕೋಲು ತೆಗೆಯುದು ಅಂತ ಆಗಿದೆ. ನೀವು ಮಕ್ಕಳ ಎದುರು ಒಂದು ಮಾತು, ನಾನು ಕಲಿಸಿದ್ದು ತಪ್ಪು ಅಂತ ಹೇಳ್ಬೇಕಂತೆ. ಅಷ್ಟು ಹೇಳಿದ್ರೆ ಮುಂದಿನ ವರ್ಷಕ್ಕೂ ನಿಮ್ಮನ್ನೇ ಕರೆಯುವ ಅಂತ ಹೇಳಿದ್ದಾರೆ."

"ಯಾವುದು ತಪ್ಪು ಸಾರ್? ನೆರಳು ಹೋಗುದಾ?"

"ಅದೆಲ್ಲ ಕೇಳ್ಬೇಡಿ ಮಾರಾಯ್ರೆ. ನೆರಳು ಹೋಗ್ತದೆ ಅಂತ ನನಗೂ ಗೊತ್ತುಂಟು. ಹೇಳಿ ಬಿಡಿ. ನಿಮಗೂ ಒಳ್ಳೆದು, ನನಗೂ ಒಳ್ಳೆದು."

"ಸಾರ್, ಪಂಚಾಂಗ ಸುಳ್ಳು ಅಂತ ನಾನು ಹೇಳ್ಲಿಲ್ಲ. ಅದು ನಕ್ಷತ್ರ ನೋಡಿ ಮಾಡುವ ಲೆಕ್ಕ, ನಮ್ಮದು ನೆರಳು ನೋಡಿ. ಬಾಂಗ್ ತಪ್ಪು ಅಂತಲೂ ಹೇಳ್ಲಿಲ್ಲ. ಮಕ್ಕಳು ಕಣ್ಣಲ್ಲಿ ಕಂಡದ್ದು ಹೇಳಿದ್ದು."

"ಅದೇ ತೊಂದರೆ," ಎಂದರು ಮಾಸ್ಟ್ರು. ಪ್ರಾಮಾಣಿಕವಾಗಿಯೇ ಹೇಳಿದರು.

ಆ ಸಂಜೆ ಅವಳು ಉಮ್ಮನ ಎದುರು ಕೂತಳು. ಜೈನಬಮ್ಮ ಬೀಡಿ ಕಟ್ಟಿ ಮಗಳನ್ನು ಓದಿಸಿದವಳು. ಗಂಡ ತೀರಿದ ಮೇಲೆ ಮಡಿಲಿನ ಮೊರವೇ ಮನೆ ನಡೆಸಿತು. ಶಾಲೆಯ ಗೌರವಧನ ತಡವಾದ ತಿಂಗಳುಗಳಲ್ಲಿ ಸುಹಾನಾಳೂ ಬೀಡಿ ಎಲೆ ಕತ್ತರಿಸುತ್ತಾಳೆ. ತಡವಾಗದ ತಿಂಗಳು ಅಪರೂಪ. ತಂಬಾಕಿನ ಘಾಟಿಗೆ ಉಮ್ಮನ ಕೆಮ್ಮು ಮುಗಿಯುವುದಿಲ್ಲ.

"ತಪ್ಪಾಯ್ತು ಅಂತ ಹೇಳಿ ಬಿಡು," ಎಂದಳು ಜೈನಬಮ್ಮ. "ದೊಡ್ಡವರ ಎದುರು ತಲೆ ತಗ್ಗಿಸಿದ್ರೆ ನಮ್ಮದು ಎಂತ ಹೋಗ್ತದೆ? ನಾನು ತಗ್ಗಿಸಲಿಲ್ವಾ?"

ಮೊರಕ್ಕೆ ಬಗ್ಗಿ ಬಗ್ಗಿ ಉಮ್ಮನ ಕುತ್ತಿಗೆ ಮುಂದಕ್ಕೆ ಬಾಗಿಯೇ ನಿಂತಿತ್ತು. ಮಗಳ ಮುಖ ನೋಡಬೇಕಾದರೆ ಅವಳು ಸೊಂಟದಿಂದಲೇ ಹಿಂದಕ್ಕೆ ವಾಲಬೇಕಿತ್ತು. ಹಾಗೆ ವಾಲಿ ನೋಡಿದಳು. ಸುಹಾನಾ ಒಂದು ಎಲೆ ತೆಗೆದು ಕತ್ತರಿಸತೊಡಗಿದಳು. ಅವಳಿಗೆ ಕೆಲಸ ಬೇಕಿತ್ತು. ಆ ಕೆಲಸ ಹೋದರೆ ಈ ಮೊರ ತನ್ನ ಮಡಿಲಿಗೆ ಬರುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿ ಬಿಡುವ ಎಂದು ನಿರ್ಧರಿಸಿಯೇ ಅವಳು ಅಂದು ಮಲಗಿದ್ದು.

ಶನಿವಾರ ಬೆಳಿಗ್ಗೆ ಶಾಲೆಯ ಹಲಸಿನ ಮರದ ಅಡಿಯಲ್ಲಿ ಸಭೆ. ಒಳಗೆ ಸೆಕೆ ಎಂದು ಮಹೇಶ್ವರರು ಹೊರಗೆ ಹಾಕಿಸಿದರು. ಕುರ್ಚಿ ಹೊತ್ತದ್ದು ಸುಹಾನಾ. ಮರದ ಕೈಯಿರುವ ಭಾರದ ಕುರ್ಚಿಗಳು. ಒಂದೊಂದನ್ನೂ ಹೊಟ್ಟೆಗೆ ಒತ್ತಿ ಹಿಡಿದು ತಂದಳು. ಬೆಳಗಿನ ನೆರಳು ಅಡುಗೆಮನೆಯ ಬದಿಗೆ ಬಿದ್ದಿತ್ತು. ಅಲ್ಲೇ ಸಾಲಾಗಿ ಇಟ್ಟಳು. ಬಟ್ಟೆಯಲ್ಲಿ ಒರೆಸಿದಳು.

ಮಹೇಶ್ವರರು ಬಂದರು. ಮಮ್ಮು ಹಾಜಿ ಬಂದರು. ಮಸೀದಿ ಎದುರಿನ ರಸ್ತೆಯ ವಿಷಯದಲ್ಲಿ, ಹೊಳೆಬದಿಯ ಜಾಗದ ವಿಷಯದಲ್ಲಿ, ಪಂಚಾಯತು ಅಂಗಡಿಯ ವಿಷಯದಲ್ಲಿ ಒಬ್ಬರ ಮುಖ ಒಬ್ಬರು ನೋಡದವರು. ಅಂದು ಕೈ ಕೈ ಹಿಡಿದುಕೊಂಡರು. ಪತ್ರಿಕೆಯವನು ಫೋಟೋ ತೆಗೆದ. ಸರಿ ಬರಲಿಲ್ಲ ಎಂದು ಮತ್ತೊಮ್ಮೆ ಹಿಡಿಸಿದ. ಊರಿನ ಎರಡು ಕಡೆಯವರನ್ನು ಯಾವ ಶಾಂತಿ ಸಮಿತಿಯೂ ಒಟ್ಟು ಮಾಡಿರಲಿಲ್ಲ. ಒಂದು ಬಿದಿರು ಮಾಡಿತ್ತು. ಅದಕ್ಕಾದರೂ ಸನ್ಮಾನ ಮಾಡಬಹುದಿತ್ತು. ಅದರ ಬದಲು ಅದನ್ನು ಕೀಳಲು ಬೋಜನನ್ನು ಕರೆಸಿದ್ದರು.

ಬೋಜ ಪಿಕ್ಕಾಸು ಹಿಡಿದು ಬಿಸಿಲಲ್ಲಿ ನಿಂತ. ಸುಹಾನಾ ಚಹಾದ ತಟ್ಟೆ ಹಿಡಿದು ಬಿಸಿಲಲ್ಲಿ ನಿಂತಳು. ಕುರ್ಚಿ ಇದ್ದವರಿಗೆ ನೆರಳೂ ಇತ್ತು.

"ನಮ್ಮ ಸಂಸ್ಕೃತಿಯಲ್ಲಿ ಸೂರ್ಯನಿಗೆ ದೊಡ್ಡ ಸ್ಥಾನ ಉಂಟು," ಎಂದು ಮಹೇಶ್ವರರು ಶುರು ಮಾಡಿದರು. "ಅವನು ಎಲ್ಲರಿಗೂ ಸಮಾನ. ಬಡವ ಬಲ್ಲಿದ ಅಂತ ನೋಡುದಿಲ್ಲ." ಅಷ್ಟರಲ್ಲಿ ಬಿಸಿಲು ಅವರ ಹೆಗಲಿಗೆ ತಾಗಿತು. ಮಾತು ನಿಲ್ಲಿಸದೆ ಎದ್ದು, ಸುಹಾನಾಳ ಕಡೆಗೆ ಬೆರಳಾಡಿಸಿದರು. ಅವಳು ತಟ್ಟೆ ಕೆಳಗಿಟ್ಟು, ಕುರ್ಚಿಗಳನ್ನು ಒಂದೊಂದಾಗಿ ಎತ್ತಿ ಈಚೆಗೆ ಇಟ್ಟಳು. ಅವರು ಕುಳಿತರು. ಸಮಾನತೆ ಮುಂದುವರಿಯಿತು.

ಮಮ್ಮು ಹಾಜಿ ಮಾತಾಡಿದರು. "ನಮಗೆ ಯಾರ ಮೇಲೂ ದ್ವೇಷ ಇಲ್ಲ. ನಮ್ಮ ಹುಡುಗಿಯೇ ಇದು. ಬುದ್ಧಿ ಸಾಲದೆ ಮಾಡಿದೆ. ಹೊತ್ತು ನೋಡ್ಲಿಕ್ಕೆ ಗಂಡಸರಿದ್ದಾರೆ, ಗಡಿಯಾರ ಉಂಟು. ಹೆಣ್ಣುಮಕ್ಕಳಿಗೆ ಕೋಲು ಎಂತಕ್ಕೆ?"

"ಅವರ ಹುಡುಗಿ ಅಂತ ನಾವು ಹೇಳುದಲ್ಲ," ಎಂದರು ಮಹೇಶ್ವರರು. "ಯಾರ ಹುಡುಗಿಯೇ ಆಗಲಿ, ಸಿಲೆಬಸ್ಸಲ್ಲಿ ಇದ್ದಷ್ಟು ಸಾಕು."

ಒಬ್ಬರಿಗೆ ಅವಳು ಅವರ ಹುಡುಗಿ. ಇನ್ನೊಬ್ಬರಿಗೆ ನಮ್ಮ ಹುಡುಗಿ. ಟೀಚರ್ ಎಂದು ಇಬ್ಬರ ಬಾಯಲ್ಲೂ ಬರಲಿಲ್ಲ. ಸುಹಾನಾಳ ಕಿವಿ ಬಿಸಿಯಾಯಿತು. ಬಿಸಿಲಿಗೆ ಇರಬೇಕು ಎಂದುಕೊಂಡಳು.

ನೆರಳು ಮತ್ತೆ ಸರಿಯಿತು. ಈ ಸಲ ಮಮ್ಮು ಹಾಜಿಯ ಟೊಪ್ಪಿಗೆ ಬಿಸಿಲು ಬಿತ್ತು. "ಇಟ್ಟು ಕೊಡು," ಎಂದರು. ಸುಹಾನಾ ಮತ್ತೆ ಕುರ್ಚಿ ಎತ್ತಿದಳು. ಮುರಕಲ್ಲಿಗೆ ಎಡವಿದಳು. ಕುರ್ಚಿಯ ಕಾಲು ಮೊಣಕಾಲಿಗೆ ಬಡಿಯಿತು. ಮಹೇಶ್ವರರು ಮೊಬೈಲ್ ನೋಡುತ್ತ ಕಾದರು. ಬೆವರು ಅವಳ ಕಣ್ಣಿಗೆ ಇಳಿಯಿತು. ತರಗತಿಯ ಕಿಟಕಿಗಳಲ್ಲಿ ಮಕ್ಕಳ ಮುಖಗಳಿದ್ದವು. ಅವಳು ಕುರ್ಚಿ ಹೊರುವುದನ್ನು ಅವರು ನೋಡುತ್ತಿದ್ದರು. ನೆರಳು ಹೋದದ್ದನ್ನೂ ನೋಡುತ್ತಿದ್ದರು. ಕಣ್ಣು ಬಿಟ್ಟು ನೋಡಬೇಕೆಂದು ಅವಳೇ ಕಲಿಸಿದ್ದಳು.

ಬಿಸಿಯೂಟದ ಬೆಲ್ಲಿಗೆ ಸ್ವಲ್ಪ ಮೊದಲು ನಿರ್ಣಯವಾಯಿತು. ಎರಡೂ ಸಮುದಾಯಗಳ ಭಾವನೆಗೆ ಧಕ್ಕೆಯಾದ್ದರಿಂದ ಕೋಲು ಕೀಳುವುದು. ಶಿಕ್ಷಕಿ ತಪ್ಪೊಪ್ಪಿಕೊಳ್ಳುವುದು. ಇದನ್ನು ಇಲ್ಲಿಗೆ ಮುಗಿಸಿ ಸೌಹಾರ್ದದಿಂದ ಊಟ ಮಾಡುವುದು.

ಮಕ್ಕಳನ್ನು ಹೊರಗೆ ಕರೆದರು. ಮೈದಾನದ ಬಿಸಿಲಲ್ಲಿ ಸಾಲಾಗಿ ಕೂರಿಸಿದರು. ಸಣ್ಣವರು ಚಡ್ಡಿ ಸುಡುತ್ತದೆಂದು ಕುಂಡೆ ಎತ್ತಿ ಎತ್ತಿ ಇಡುತ್ತಿದ್ದರು.

"ಬೋಜ," ಎಂದರು ಮಹೇಶ್ವರರು, "ಈ ಹುಡುಗಿ ಹೇಳಿ ಆದ ಕೂಡ್ಲೆ ಕೋಲು ಕೀಳು."

ಬೋಜ ತಲೆಯಾಡಿಸಿದ.

"ಟೀಚರ್, ಹೇಳಿ," ಎಂದರು ಮಾಸ್ಟ್ರು, ನೆಲ ನೋಡಿಕೊಂಡು. "ನಾನು ಕಲಿಸಿದ್ದು ತಪ್ಪು, ನೆರಳು ನೋಡುದು ಬೇಡ, ಪುಸ್ತಕ ಓದಿದ್ರೆ ಸಾಕು. ಇಷ್ಟೇ."

ಸುಹಾನಾ ಮುಂದೆ ಬಂದಳು. ಹೇಳುವುದಕ್ಕೆಂದೇ ಬಂದಳು. ಬಾಯಿ ತೆರೆಯುವಷ್ಟರಲ್ಲಿ ಮಹೇಶ್ವರರು ಅಡ್ಡ ಮಾತಾಡಿದರು.

"ಸ್ವಲ್ಪ ನಿಲ್ಲು ಮಾರಾಯ್ತಿ. ಮೊದಲು ಈ ಕುರ್ಚಿ ಆಚೆ ಇಟ್ಟು ಮತ್ತೆ ಹೇಳು. ಇಲ್ಲಿಗೂ ಬಿಸಿಲು ಬಂತು."

ಅವಳು ಕುರ್ಚಿಯ ಬೆನ್ನಿಗೆ ಕೈ ಇಟ್ಟಳು. ಮಹೇಶ್ವರರು ಅರ್ಧ ಎದ್ದರು. ಅವಳು ಕೈ ತೆಗೆದಳು.

"ಎಲ್ಲಿಂದ ಬಂತು ಸಾರ್?"

"ಎಂತ?"

"ಬಿಸಿಲು. ಬೆಳಿಗ್ಗೆ ನಾನು ಕುರ್ಚಿ ಹಾಕಿದ್ದು ನೆರಳಲ್ಲಿ. ಆಮೇಲೆ ಎತ್ತಿದೆ. ಮತ್ತೊಮ್ಮೆ ಎತ್ತಿದೆ. ಈಗ ಪು‌ನಃ ಎತ್ತು ಅಂತ ಹೇಳ್ತೀರಿ. ನೆರಳು ಎಲ್ಲಿಗೆ ಹೋಯ್ತು ಅಂತ ಮಕ್ಕಳಿಗೆ ಹೇಳಿ."

"ಎದುರು ಮಾತಾಡ್ತೀಯಾ?"

"ಕೇಳಿದ್ದು ಸಾರ್." ಅವಳಿಗೆ ಹೆದರಿಕೆಯಾಗಿತ್ತು. ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. ಇಷ್ಟು ದಿನ ಗುಡಿಸಿದ್ದು, ಹೊತ್ತದ್ದು, ಪೆಟ್ಟಿಗೆಯ ಮೇಲೆ ಕೂತದ್ದು, ಎಲ್ಲ ಸೇರಿ ಮಾತಾಗಿ ಹೊರಗೆ ಬಂತು. "ನೆರಳು ಹೋಗ್ತದೆ ಅಂತ ಕಲಿಸಿದ್ದು ತಪ್ಪಾದ್ರೆ ನಿಮ್ಮ ಕುರ್ಚಿ ಎತ್ತುದು ಎಂತಕ್ಕೆ? ಅಲ್ಲೇ ಕೂತ್ಕೊಳ್ಳಿ. ನಾನು ಕುರ್ಚಿ ಎತ್ತುದಿಲ್ಲ. ತಪ್ಪು ಅಂತ ಹೇಳುದೂ ಇಲ್ಲ. ನಾನು ಕಲಿಸಿದ್ದು ಸರಿ ಉಂಟು."

ಮೈದಾನದಲ್ಲಿ ಮಕ್ಕಳು ಕುಂಡೆ ಎತ್ತುವುದನ್ನೂ ನಿಲ್ಲಿಸಿದರು.

ಮಮ್ಮು ಹಾಜಿ ಬ್ಯಾರಿ ಭಾಷೆಯಲ್ಲಿ ಬೈದರು. ಉಮ್ಮನ ಹೆಸರು ತೆಗೆದರು. ಉಮ್ಮ ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಮಾತು ತೆಗೆದರು. ಅಲ್ಲಿಯೂ ತನ್ನ ಮಾತು ನಡೆಯುತ್ತದೆ ಎಂದರು. ಸುಹಾನಾ ಕೇಳಿಸಿಕೊಂಡಳು. ಕೈ ಕಟ್ಟಿ ನಿಂತೇ ಇದ್ದಳು.

"ಬೋಜ, ನೀನು ಬಾ. ಕುರ್ಚಿ ಎತ್ತು," ಎಂದು ಮಹೇಶ್ವರರು ಕೂಗಿದರು.

"ನನಗೆ ಕೋಲು ಕೀಳ್ಲಿಕ್ಕೆ ಹೇಳಿದ್ದು, ಧಣಿಗಳೇ."

"ಹಾಗಾದ್ರೆ ಕೋಲು ಕೀಳು!"

"ಟೀಚರ್ ಹೇಳಿ ಆದ ಮೇಲೆ ಅಂತ ಅಪ್ಪಣೆ ಆಗಿದೆ." ಬೋಜ ಪಿಕ್ಕಾಸಿನ ಹಿಡಿಗೆ ಗಲ್ಲ ಊರಿ ನಿಂತ. "ಟೀಚರ್ ಹೇಳ್ಲಿಲ್ಲ."

ಅವನ ಮುಖದಲ್ಲಿ ನಗು ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯನನ್ನು ಹೇಗೆ ಬೈಯುವುದೆಂದು ಮಹೇಶ್ವರರಿಗೆ ತೋಚಲಿಲ್ಲ.

ಬಿಸಿಲು ಮೆಲ್ಲಗೆ ಬಂದು ಇಬ್ಬರು ಅಧ್ಯಕ್ಷರ ಮಡಿಲಲ್ಲಿ ಕೂತಿತು. ಎದ್ದು ತಮ್ಮ ಕುರ್ಚಿ ತಾವೇ ಎತ್ತಿಕೊಂಡರೆ ಸಾಕಿತ್ತು. ಆದರೆ ಹುಟ್ಟಿದ ಲಾಗಾಯ್ತು ಆ ಕೆಲಸ ಮಾಡಿ ಅವರಿಗೆ ಅಭ್ಯಾಸವಿಲ್ಲ. ಅದಲ್ಲದೆ ಈಗ ಎತ್ತಿದರೆ ಸೋತಂತೆ. ಆದ್ದರಿಂದ ಕುಳಿತರು. ಮಹೇಶ್ವರರ ಬಿಳಿ ಅಂಗಿ ಬೆನ್ನಿಗೆ ಅಂಟಿತು. ಮಮ್ಮು ಹಾಜಿ ಟೊಪ್ಪಿ ತೆಗೆದು ಬೆವರು ಒರೆಸಿ ಮತ್ತೆ ಇಟ್ಟರು. ಪತ್ರಿಕೆಯವನು ತನ್ನ ಕುರ್ಚಿಯ ಸಮೇತ ಮೆಲ್ಲಗೆ ಹಿಂದೆ ಜಾರಿದ. ಮಾಸ್ಟ್ರು ನಿಲ್ಲಲೂ ಇಲ್ಲ, ಕೂರಲೂ ಇಲ್ಲ. ಸೌಹಾರ್ದ ಸಭೆ ಚೆನ್ನಾಗಿ ಬೇಯುತ್ತಿತ್ತು.

ಆಗ ಮಕ್ಕಳ ಸಾಲಿನಿಂದ ಸಮನ್ವಿತಾ ಎದ್ದು ನಿಂತಳು. ಅವಳಿಗೆ ಅಪ್ಪನನ್ನು ಸೋಲಿಸಬೇಕೆಂದೇನೂ ಇರಲಿಲ್ಲ. ಅಪ್ಪ ಬಿಸಿಲಲ್ಲಿ ಕೂತದ್ದು ನೋಡಿ ಪಾಪ ಎನಿಸಿತ್ತು.

"ಅಪ್ಪಾ, ಅಲ್ಲೇ ಆಚೀಚೆ ಇಟ್ರೆ ಪುನಃ ಬಿಸಿಲು ಬರ್ತದೆ. ಈ ತಿಂಗಳಲ್ಲಿ ನೆರಳು ಬಾವಿಯ ಬದಿಗೇ ಇರುದು. ಇನ್ನು ಅದು ಗೇಟಿನ ಕಡೆಗೆ ಹೋಗ್ತದೆ. ಅಲ್ಲಿ, ಬಾವಿಗೂ ಗೇಟಿಗೂ ನಡುವೆ, ಆ ಹೊರಬೇರಿನ ಹತ್ತಿರ ಇಡಿ. ತುಂಬಾ ಹೊತ್ತು ಏಳುದು ಬೇಡ."

"ಹೌದು, ಅಲ್ಲಿಯೇ," ಎಂದು ಶಿಫಾ ಕೂತಲ್ಲಿಂದಲೇ ಹೇಳಿದಳು. "ಹಾಜಿಯವರದ್ದು ಸ್ವಲ್ಪ ಮುಂದೆ ಇಟ್ರೆ ಒಳ್ಳೆದು."

ಮಮ್ಮು ಹಾಜಿ ಕಣ್ಣು ಕಿರಿದು ಮಾಡಿ ಬಾವಿಯ ಕಡೆ ನೋಡಿದರು. ಅಲ್ಲಿ ತಂಪಿತ್ತು. ಅವರು ಮಹೇಶ್ವರರನ್ನು ನೋಡಿದರು, ಮಹೇಶ್ವರರು ಅವರನ್ನು ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ಎದ್ದು, ತಮ್ಮ ತಮ್ಮ ಕುರ್ಚಿಯನ್ನು ತಾವೇ ಎತ್ತಿ ಹೊಟ್ಟೆಗೆ ಒತ್ತಿ ಹಿಡಿದು, ಉಸ್ಸೆನ್ನುತ್ತ ನಡೆದರು. ಹುಡುಗಿಯರು ಬೆರಳು ತೋರಿಸಿದ ಜಾಗದಲ್ಲೇ ಇಟ್ಟರು. ಮಮ್ಮು ಹಾಜಿ ತನ್ನದನ್ನು ಸ್ವಲ್ಪ ಮುಂದೆ ಎಳೆದುಕೊಂಡರು. ಕೂತರು. ಮಾಸ್ಟ್ರು ಮತ್ತು ಪತ್ರಿಕೆಯವನು ಹಿಂದೆಯೇ ಹೋದರು.

ಬಿಸಿಲು ಅಲ್ಲಿಗೆ ಬರಲಿಲ್ಲ. ಆ ನೆರಳಿನಲ್ಲಿ ಆರಾಮವಾಗಿ ಕುಳಿತು, ಬೆವರು ಆರಿದ ಮೇಲೆ, ಒಮ್ಮತದಿಂದ, ಸುಹಾನಾಳನ್ನು ಕೆಲಸದಿಂದ ತೆಗೆದರು.